ಕಟ್ಟೆಮನೆಯ ಹಂಚಿಕಡ್ಡಿ

ಯಾರಾದರೂ "ಕಡ್ಡಿ ಮುರಿದ ಹಾಗೆ ಹೇಳಿಬಿಡು" ಅಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಪಾಪ, ಅವರು ಮಾತಿಗೆ ಅಂದಿರುತ್ತಾರೆ. ನಮ್ಮ ಕಡೆ ಒಂದು ಕಾಲದಲ್ಲಿ ನಿಜವಾಗಿಯೂ ಕಡ್ಡಿ ಮುರಿಯುತ್ತಿದ್ದರು ಎನ್ನುವುದು ಅವರಿಗೆ ಹೇಗೆ ಗೊತ್ತಿರಬೇಕು?

ನಮ್ಮೂರು ಗುಂಡ್ಲುಪೇಟೆ ಕಡೆಯ ಭೀಮನಬೀಡು. ನಮ್ಮ ಕುಲದಲ್ಲಿ ಗಂಡ ಹೆಂಡತಿಗೆ ಕೂಡಿ ಬಾಳಲು ಆಗಲೇ ಇಲ್ಲವೆಂದರೆ ಕಟ್ಟೆಮನೆಗೆ ಹೋಗುತ್ತಿದ್ದರು. ಕುಲದ ಯಜಮಾನರು ಕೂತು ನ್ಯಾಯ ಹೇಳುವ ಜಾಗ ಅದು. ಎರಡು ಕಡೆಯವರ ಮಾತು ಮುಗಿದ ಮೇಲೆ ಒಂದು ಹಂಚಿಕಡ್ಡಿ ತರಿಸುತ್ತಿದ್ದರು. ಪೊರಕೆಗೆ ಕಟ್ಟುತ್ತೇವಲ್ಲ, ಅದೇ ಹುಲ್ಲಿನ ಕಡ್ಡಿ. ಒಂದು ತುದಿಯನ್ನು ಗಂಡ ಹಿಡಿಯಬೇಕು, ಇನ್ನೊಂದನ್ನು ಹೆಂಡತಿ. ಯಜಮಾನರು ನಡುವೆ ಕೈಯಿಟ್ಟು ಮುರಿದರೆ ಬಿಡುಗಡೆ. ಆಮೇಲೆ ಹೆಣ್ಣನ್ನು ಬೇರೆಯವರಿಗೆ ಉಡಿಕೆ ಮಾಡಿಕೊಡಬಹುದಿತ್ತು. ಉಡಿಕೆಗೆ ಚಪ್ಪರವಿಲ್ಲ, ವಾಲಗವಿಲ್ಲ. ಹೊಸ ಸೀರೆ ಉಡಿಸಿ ನಾಲ್ಕು ಜನರೆದುರು ಕಳಿಸಿಕೊಟ್ಟರೆ ಮದುವೆಯಾದಂತೆ. ಪೇಟೆಯವರು ಇದಕ್ಕೆಲ್ಲ ಮೂಗು ಮುರಿಯುತ್ತಿದ್ದರು. ಮುರಿಯಲಿ. ನಮ್ಮ ಅಜ್ಜಿಯೇ ಉಡಿಕೆಯಾಗಿ ಬಂದವಳು. ಅವಳು ಬಾರದಿದ್ದರೆ ನಮ್ಮಪ್ಪನೂ ಇಲ್ಲ, ನಾನೂ ಇಲ್ಲ.

ನಮ್ಮಕ್ಕನನ್ನು ಉಡಿಗಾಲ ಎಂಬ ಊರಿಗೆ ಕೊಟ್ಟಿದ್ದರು. ಭಾವನಿಗೆ ಹೊಲವಿತ್ತು, ಜೋಡೆತ್ತಿತ್ತು, ಕೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಅಕ್ಕ ಎರಡು ಸಲ ತವರಿಗೆ ಓಡಿಬಂದಳು, ಎರಡು ಸಲವೂ ಅಪ್ಪ ಬುದ್ಧಿ ಹೇಳಿ ಬಿಟ್ಟುಬಂದ. ಮೂರನೆಯ ಸಲ ಬಂದಾಗ ಅವಳ ಎಡಗಿವಿ ಕೇಳುತ್ತಿರಲಿಲ್ಲ. ಅಪ್ಪ ಮತ್ತೆ ಬುದ್ಧಿ ಹೇಳಲಿಲ್ಲ. ಅಂದಿನಿಂದ ಅಕ್ಕ ಎಲ್ಲಿಗೆ ಹೋದರೂ ಅವಳ ಎಡಕ್ಕೆ ನಾನು. ಆ ಕಡೆಯಿಂದ ಬಂದ ಮಾತನ್ನು ನಾನು ಈ ಕಡೆಯ ಕಿವಿಗೆ ಹೇಳಬೇಕು. ನಾನಾಗ ಹದಿಮೂರೋ ಹದಿನಾಲ್ಕೋ ವರ್ಷದ ಹುಡುಗಿ, ಬಾಯಿಯಂತೂ ಊರಗಲ.

ಅಷ್ಟರಲ್ಲಿ ಬಂಡೀಪುರದ ಕಾಡಿನಲ್ಲಿ ಗಾರ್ಡು ಕೆಲಸದಲ್ಲಿದ್ದ ಒಬ್ಬರು ಅಕ್ಕನನ್ನು ಕೇಳಿಕೊಂಡು ಬಂದರು. ನಮ್ಮ ಕುಲದವರೇ. ಹೆಂಡತಿ ತೀರಿಕೊಂಡಿದ್ದಳು, ಪುಟ್ಟ ಮಗಳಿದ್ದಳು. ಮಾತು ಕಡಿಮೆ. ಬಂದಾಗಲೆಲ್ಲ ಆ ಮಗುವನ್ನೂ ಕರೆತರುತ್ತಿದ್ದರು. ಅದು ಅಕ್ಕನ ಮಡಿಲಲ್ಲಿ ಕೂತು ಬೆಲ್ಲ ತಿನ್ನುತ್ತಿತ್ತು. ಅಕ್ಕ ಮದುವೆಯಾದ ಮೇಲೆ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಆಗಲೇ. ಬಿಡುಗಡೆ ಒಂದಾಗಿಬಿಟ್ಟರೆ ಆಯಿತು, ಬರುವ ಸುಗ್ಗಿಗೆ ಉಡಿಕೆ ಎಂದು ಮಾತಾಯಿತು. ಭಾವನೂ ತಕರಾರು ಮಾಡಲಿಲ್ಲ. ಅವನಿಗೂ ಬೇರೆ ಕಡೆ ಕಣ್ಣಿತ್ತು.

ಕಟ್ಟೆಮನೆ ಕೂಡಿತು. ಯಜಮಾನರು ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕಡ್ಡಿ ಕೊಟ್ಟರು. ಭಾವ ಒಂದು ತುದಿ ಹಿಡಿದ, ಅಕ್ಕ ಒಂದು ತುದಿ. ಯಜಮಾನರ ಕೈ ನಡುವಿಗೆ ಬಂದಿತ್ತು. ಆಗ ಗುಂಪಿನಿಂದ ನಮ್ಮ ದೂರದ ನೆಂಟನೊಬ್ಬ ಎದ್ದ. ಬೆಳಿಗ್ಗೆ ಗುಂಡ್ಲುಪೇಟೆಯ ಹೋಟೆಲಿನಲ್ಲಿ ಕಾಪಿ ಕುಡಿಯುತ್ತಾ, ಯಾರೋ ಪೇಪರು ಓದಿದ್ದನ್ನು ಅರ್ಧ ಕಿವಿಯಲ್ಲಿ ಕೇಳಿಕೊಂಡು ಬಂದಿದ್ದ.

"ಯಜಮಾನ್ರೇ, ಒಸಿ ತಡೀರಿ. ಡೆಲ್ಲೀಲಿ ಮದುವೆ ಕಾಯ್ದೆ ಬಂದದಂತ. ಇನ್ಮ್ಯಾಲ ಮದುವೆ ಬುಡ್ಸೋದು ಕೋರ್ಟಂತ. ಕಟ್ಟೆಯೋರು ಬುಡ್ಸುದ್ರ ಜೈಲಂತ."

ಯಜಮಾನರ ಕೈ ನಿಂತುಹೋಯಿತು.

ಅವರನ್ನು ಹೇಡಿ ಎಂದು ಬೈಯುವುದು ಸುಲಭ. ನಾನು ಬೇಕಾದಷ್ಟು ಬೈದಿದ್ದೇನೆ. ಆದರೆ ಅದಕ್ಕೂ ಒಂದು ಹಿಂದಿನ ಕಥೆಯಿತ್ತು. ಉಣ್ಣಕೂಡದ ಜಾತಿಯವರ ಮನೆಯಲ್ಲಿ ಉಂಡನೆಂದು ಅವರು ಒಬ್ಬನನ್ನು ಕುಲದಿಂದ ಹೊರಗಿಟ್ಟಿದ್ದರು. ಅವನು ದೂರು ಕೊಟ್ಟ. ಯಜಮಾನರನ್ನು ಠಾಣೆಗೆ ಕರೆಸಿ, ಕಾಲ ಬದಲಾಗಿದೆ, ಇನ್ನು ಇದೆಲ್ಲ ನಡೆಯುವುದಿಲ್ಲ ಎಂದು ಹೇಳಿ ಕಳಿಸಿದ್ದರು. ಎಪ್ಪತ್ತರ ಮುದುಕ ರುಮಾಲು ಕೈಯಲ್ಲಿ ಹಿಡಿದು ನಿಂತಿದ್ದರಂತೆ. ಠಾಣೆಯವರು ಮಾಡಿದ್ದು ಸರಿಯೇ, ನಾನು ಅದನ್ನು ಇವತ್ತಿಗೂ ಅನ್ನುತ್ತೇನೆ. ಆದರೆ ಆ ಸರಿಯ ಏಟು ಬಂದು ಬಿದ್ದದ್ದು ಅಕ್ಕನ ಬೆನ್ನಿಗೆ.

ಅವರು ಭಾವನ ಕೈಯಿಂದ ಕಡ್ಡಿ ಬಿಡಿಸಿ ಅಕ್ಕನಿಗೇ ಕೊಟ್ಟರು. "ಇದ ಮಡಿಕೊ ಕಣವ್ವ. ಕೋರ್ಟಲ್ಲಿ ಏನಂತರೋ ತಿಳ್ಕೊಂಡು ಬನ್ನಿ. ಊಂ ಅಂದ್ರ ಇದೇ ಕಡ್ಡೀಯ ನಾನೇ ಮುರ್ದು ಕೊಡ್ತೀನಿ."

ಅಪ್ಪ, ಅಕ್ಕ, ನಾನು ಮೂವರೂ ಗುಂಡ್ಲುಪೇಟೆಗೆ ನಡೆದು, ಅಲ್ಲಿಂದ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆವು. ಗೊತ್ತಿದ್ದ ವ್ಯಾಪಾರಿಯೊಬ್ಬರು ಒಬ್ಬ ವಕೀಲರ ಮನೆ ತೋರಿಸಿದರು. ವಕೀಲರು ಒಳ್ಳೆಯವರೇ. ಜಗಲಿಯ ಮೇಲೆ ಕೂರಿಸಿ, ಪೂರ್ತಿ ಕೇಳಿ, ನಕ್ಕರು.

"ಕಾಯ್ದೆ ನಿಮ್ಮ ಬಿಡುಗಡೆಯನ್ನ ಮುಟ್ಟೇ ಇಲ್ಲ ಕಣಯ್ಯ. ಹಿಂದಿನಿಂದ ನಡೆದುಬಂದ ಪದ್ಧತಿ ಹಾಗೇ ಇರಲಿ ಅಂತ ಕಾಯ್ದೇಲೇ ಇದೆ. ಹೋಗಿ ಮುರಿಸ್ಕೊ, ಹೋಗು."

ನಾನು ಅಕ್ಕನ ಬಲಗಿವಿಗೆ ಬಗ್ಗಿ ಹೇಳಿದೆ. ಅವಳು ನನ್ನ ಕೈಯನ್ನು ನೋವಾಗುವಷ್ಟು ಹಿಚುಕಿದಳು.

ಅಪ್ಪ ಎದ್ದು ಕೈ ಮುಗಿದ. "ಯಜಮಾನ್ರು ಎದರ್ಕೊಂಡವ್ರ ಬುದ್ದಿ. ತಾವು ಒಂದ್ಸಲ ಬಂದು ಈ ಮಾತ ಯೋಳ್ಬುಟ್ರ..."

"ನಾನು ಕಟ್ಟೆಮನೆಗೆ ಬರೋದೇ? ಚೆನ್ನಾಗಿದೆ."

"ಅಂಗಾದ್ರ ಕೋರ್ಟಲ್ಲೇ ಬುಡ್ಸಿ ಬುದ್ದಿ."

"ಹೊಡೀತಾನೆ ಅಂತ ಹೋದರೆ ಕೋರ್ಟಲ್ಲಿ ಬಿಡುಗಡೆ ಸಿಗಲ್ಲ. ಬೇರೆ ಇರೋಕೆ ಅಪ್ಪಣೆ ಸಿಗುತ್ತೆ, ಅಷ್ಟೆ. ಅದಕ್ಕೂ ಓಡಾಡಬೇಕು."

ಅದನ್ನೂ ಅಕ್ಕನಿಗೆ ಹೇಳಿದೆ. ಅವಳು ವಕೀಲರ ಮುಖವನ್ನೇ ನೋಡುತ್ತಾ, "ಬ್ಯಾರೆ ಇರಕ ಅಪ್ಪಣೆ ಯಾಕ ಬುದ್ದಿ? ಬ್ಯಾರೇನೇ ಇವ್ನಿ" ಅಂದಳು. ವಕೀಲರು ಒಳಗಿಂದ ಮೂವರಿಗೂ ಮಜ್ಜಿಗೆ ತರಿಸಿದರು.

ವಕೀಲರ ಮಾತನ್ನು ಅಪ್ಪ ಒಂದಕ್ಷರ ಬಿಡದೆ ಯಜಮಾನರಿಗೆ ಒಪ್ಪಿಸಿದ. ಅವರು ತಲೆ ಅಲ್ಲಾಡಿಸಿದರು. "ಅವ್ರು ಜಗಲೀ ಮ್ಯಾಲ ಕುಂತು ಯೋಳ್ತರ. ನಾಳ ಪೋಲೀಸ್ನೋರು ಬಂದ್ರ ನಿಂತ್ಕಳೋನು ನಾನು. ಇನ್ನೊಸಿ ದಿಸ ನೋಡನ ಕಣಪ್ಪ." ಅಪ್ಪ ಕಾಲಿಗೆ ಬಿದ್ದ. ಅವರು ಎಬ್ಬಿಸಿ ಕೂರಿಸಿ ಕಣ್ಣೀರು ಹಾಕಿದರೇ ಹೊರತು ಕಡ್ಡಿ ಮುಟ್ಟಲಿಲ್ಲ. ಕಟ್ಟೆಯವರು ಕೋರ್ಟಿನ ಕಡೆ ಕೈ ತೋರಿಸುತ್ತಾರೆ, ಕೋರ್ಟು ಬಲ್ಲವರು ಕಟ್ಟೆಯ ಕಡೆ ಕೈ ತೋರಿಸುತ್ತಾರೆ. ಎರಡು ಕಡೆಯೂ ನೆಂಟರಿದ್ದೂ ಉಪವಾಸ ಮಲಗಿದ ಹಾಗಾಯಿತು ನಮ್ಮ ಪಾಡು.

ಆ ಕಡ್ಡಿಯನ್ನು ಅವ್ವ ಹಳೆ ಬಟ್ಟೆಯಲ್ಲಿ ಸುತ್ತಿ ಸೂರಿನ ಸಂದಿಯಲ್ಲಿ ಸಿಕ್ಕಿಸಿದಳು. ದಿನಕ್ಕೊಂದು ಸಲ ತೆಗೆದು ನೋಡುವಳು. ತಾನಾಗಿ ಮುರಿದರೆ ಅಪಶಕುನ ಅನ್ನುವ ಭಯ. ನಾನು ಒಮ್ಮೆ, "ಇಲಿ ಕಡುದ್ರ ಬುಡುಗಡೆ ಆಯ್ತದಾ ಅವ್ವ? ಅಂಗಾದ್ರ ಇಲೀನೇ ಯಜಮಾನ್ರ ಮಾಡ್ಬುಡನ" ಅಂದೆ. ಅವ್ವ ಕೆನ್ನೆಗೆ ಬಿಟ್ಟಳು. ಅಕ್ಕ ಮೂಲೆಯಲ್ಲಿ ಕೂತು ನಗಲು ಹೋಗಿ ಅತ್ತಳು. ಅವಳು ಯಾರ ಹೆಂಡತಿಯೂ ಆಗಿರಲಿಲ್ಲ, ಯಾರ ಹೆಂಡತಿಯಾಗುವಂತೆಯೂ ಇರಲಿಲ್ಲ. ಬಾವಿಗೆ ಹೋದರೆ ಅವ್ವ ನನ್ನನ್ನು ಹಿಂದೆಯೇ ಅಟ್ಟುತ್ತಿದ್ದಳು. ಯಾಕೆಂದು ನನಗೆ ಗೊತ್ತಿತ್ತು, ಅಕ್ಕನಿಗೂ ಗೊತ್ತಿತ್ತು. ಕೊಡ ತುಂಬಿದ ಮೇಲೂ ಅವಳು ನೀರು ನೋಡುತ್ತಾ ನಿಂತರೆ ನಾನು ಸೆರಗು ಹಿಡಿದು ಎಳೆಯುತ್ತಿದ್ದೆ.

ಗಾರ್ಡು ಆ ಸುಗ್ಗಿ ಕಾದರು, ಮುಂದಿನ ಸುಗ್ಗಿಯನ್ನೂ ಕಾದರು. ಕೊನೆಗೆ ಅಕ್ಕ ನಾಚಿಕೆ ಬಿಟ್ಟು ತಾನೇ ಕೇಳಿದಳು: "ಕಡ್ಡಿ ಬ್ಯಾಡ, ಕಟ್ಟೆ ಬ್ಯಾಡ. ಸುಮ್ನ ಕರ್ಕೊಂಡು ಓಗ್ಬುಡಿ." ಅವರು ತಲೆಯೆತ್ತಲಿಲ್ಲ. "ಗೌರ್ಮೆಂಟು ಕೆಲ್ಸ ಕಣಮ್ಮಿ. ಗಂಡ ಇರೋಳ ಕರ್ಕೊಂಡೋದ ಅಂತ ಯಾರಾರ ಅರ್ಜಿ ಆಕುದ್ರ ಕೆಲ್ಸ ಓಯ್ತದ. ಈ ಮಗೀನ ಏನ್ಮಾಡ್ಲಿ?" ಅವರು ಅಂದದ್ದು ಸುಳ್ಳಲ್ಲ. ಅವರು ಅಕ್ಕನ ಎಡಕ್ಕೆ ನಿಂತಿದ್ದರು, ಹಾಗಾಗಿ ಆ ಮಾತನ್ನು ನಾನೇ ಅವಳ ಬಲಗಿವಿಗೆ ಹೇಳಬೇಕಾಯಿತು. ಮರುವರ್ಷ ಅವರು ನಂಜನಗೂಡಿನ ಕಡೆಯ ಹುಡುಗಿಯನ್ನು ಮದುವೆಯಾದರು. ಆ ಮಗು ಮತ್ತೆ ನಮ್ಮ ಮನೆಗೆ ಬರಲಿಲ್ಲ.

ಇತ್ತ ಭಾವ ಉಡಿಗಾಲದಲ್ಲಿ ಒಬ್ಬಳನ್ನು ಮನೆಗೇ ತಂದಿಟ್ಟುಕೊಂಡಿದ್ದ. ತಾಳಿ ಕಟ್ಟಲಿಲ್ಲ, ಕಟ್ಟದ ಮೇಲೆ ಯಾವ ಕಾಯ್ದೆ ಅವನನ್ನು ಹಿಡಿಯುತ್ತದೆ? ಕಟ್ಟೆಯವರೂ ಕೇಳಲಿಲ್ಲ, ಕೋರ್ಟಿನವರೂ ಕೇಳಲಿಲ್ಲ. ಒಬ್ಬನಿಗೆ ಒಬ್ಬಳೇ ಎಂಬ ಕಾಯ್ದೆ ಬಂತೆಂದು ಪೇಟೆಯ ಹೆಂಗಸರು ಖುಷಿಪಟ್ಟದ್ದನ್ನು ಆಮೇಲೆ ಕೇಳಿದೆ. ಒಳ್ಳೆಯ ಕಾಯ್ದೆಯೇ, ನನ್ನ ಹೆಣ್ಣುಮಕ್ಕಳಿಗೆ ಅದು ಆಸರೆಯಾಯಿತು. ಭೀಮನಬೀಡಿನ ನಮ್ಮ ಮನೆಗೆ ಮಾತ್ರ ಅದು ಹೋಟೆಲಿನ ಅರ್ಧ ಸುದ್ದಿಯಾಗಿ ಬಂದು, ಅರ್ಧದಲ್ಲೇ ಉಳಿಯಿತು.

ಅದಾಗಿ ಬಹಳ ಕಾಲವಾಗಿರಲಿಲ್ಲ, ಭಾವ ಎತ್ತಿನ ಗಾಡಿಯಿಂದ ಬಿದ್ದು ಸತ್ತ. ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಉಡಿಗಾಲದಿಂದ ಗಾಡಿ ಬಂದು ನಮ್ಮ ಬಾಗಿಲಲ್ಲಿ ನಿಂತಿತು. ತಾಳಿ ಕಟ್ಟಿಸಿಕೊಂಡವಳು ಬಾರದೆ ಹೆಣ ಎತ್ತುವಂತಿಲ್ಲ, ಬಳೆ ಒಡೆಯಬೇಕು, ತಾಳಿ ತೆಗೆಯಬೇಕು. ಯಜಮಾನರಿಗೂ ಹೇಳಿ ಕಳಿಸಿದ್ದಾರೆ, ಅವರು ಆಗಲೇ ಹೊರಟಿದ್ದಾರೆ ಎಂದರು ಗಾಡಿಯಲ್ಲಿ ಬಂದವರು. ವರ್ಷಗಟ್ಟಲೆ ಏನು ಮಾಡಬೇಕೆಂದು ತಿಳಿಯದೆ ಕೂತವರಿಗೆ ಅಂದು ಎಲ್ಲವೂ ಬಾಯಿಪಾಠವಾಗಿ ಬರುತ್ತಿತ್ತು. ಅಕ್ಕ ಸೂರಿಗೆ ಕೈಹಾಕಿ ಆ ಬಟ್ಟೆಯ ಗಂಟು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡು ಗಾಡಿ ಹತ್ತಿದಳು. ನಾನು ಅವಳ ಎಡಕ್ಕೆ ಕೂತೆ.

ಹೆಣದ ಮುಂದೆ ಅವಳನ್ನು ಕೂರಿಸಿ ಹೆಂಗಸರು ಬಳೆ ಒಡೆಯಲು ಕೈ ಹಿಡಿಯಬಂದಾಗ ಅಕ್ಕ ಕೈ ಕೊಡಲಿಲ್ಲ. ಗಂಟು ಬಿಚ್ಚಿ ಕಡ್ಡಿಯನ್ನು ಯಜಮಾನರ ಮುಂದೆ ಹಿಡಿದಳು.

"ಮೊದ್ಲು ಇದ ಮುರೀರಿ. ಬುಟ್ಟೋಳು ಅಂತ ಮನೆಗೋಯ್ತೀನಿ. ಇವನ ಮುಂಡೆ ಅಂತ ಓಗಾಕಿಲ್ಲ."

ಯಜಮಾನರ ಕಣ್ಣು ಆಗಲೇ ಮಂಜಾಗಿತ್ತು. ಕಡ್ಡಿಯನ್ನು ಸವರಿ ನೋಡಿ, ಅದೇನೆಂದು ತಿಳಿದು, ತಲೆ ತಗ್ಗಿಸಿದರು. ಮೆಲ್ಲಗೆ ಏನೋ ಅಂದರು. ಅಕ್ಕ ನನ್ನ ಕಡೆ ತಿರುಗಿದಳು.

"ಏನಂದ್ರಮ್ಮಿ?"

ಅವರು ಅಂದದ್ದು ಇಷ್ಟೇ: "ಸತ್ತೋನಿಂದ ಎಂಗವ್ವ ಬುಡುಸ್ಲಿ? ಆ ತುದಿ ಇಡ್ಕಳಕ ಯಾರವ್ರ?"

ಅದನ್ನು ನಾನು ಅವಳ ಬಲಗಿವಿಗೆ ಹೇಳಿದೆ. ಅವಳ ಕೈ ತಾನಾಗಿ ಸಡಿಲವಾಯಿತು. ಹೆಂಗಸರು ಆ ಕೈಯನ್ನು ಕಲ್ಲಿನ ಮೇಲಿಟ್ಟು ಬಳೆ ಒಡೆದರು. ಅವಳು ಅಳಲಿಲ್ಲವೆಂದು ಉಡಿಗಾಲದವರು ಆಮೇಲೆ ಆಡಿಕೊಂಡರಂತೆ. ಎಲ್ಲರೂ ಹೆಣದ ಕಡೆ ತಿರುಗಿದಾಗ ನಾನು ಬಗ್ಗಿ ನೋಡಿದೆ. ಹಸಿರು ಗಾಜಿನ ಚೂರುಗಳ ನಡುವೆ ಕಡ್ಡಿ ಬಿದ್ದಿತ್ತು. ಅಷ್ಟು ಜನ ತುಳಿದು ಓಡಾಡಿದ್ದರೂ ಅದು ಮುರಿದಿರಲಿಲ್ಲ.