ಒಂದೇ ಒಂದು ಹೊಸ ಚುಕ್ಕಿಗಾಗಿ ಬೇಡಿಕೊಂಡೆ

ಊರಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ತಪ್ಪು ಮಾಡಿದವಳು ನಾನು, ಕಾಯ್ದವಳು ತಾಯಿ. ಮುಚ್ಚಿಡದೆ ಬರೆಯುತ್ತಿದ್ದೇನೆ.

ಹೋದ ಶ್ರಾವಣದಲ್ಲಿ ನನ್ನ ಸೊಸೆ ಸುಜಾತಳಿಗೆ ಜ್ವರ ಬಂದು, ಕಾಲ ತುಂಬ ಕೆಂಪು ಚುಕ್ಕೆಗಳು ಎದ್ದವು. ನಮ್ಮ ಹಡಗಲಿ ಕಡೆ ಹೀಗಾದರೆ ‘ಅಮ್ಮ ಬಂದಾಳ’ ಎನ್ನುತ್ತೇವೆ. ಅಮ್ಮ ಮೈಮೇಲಿರುವಾಗ ಸೂಜಿ ಚುಚ್ಚಿಸಬಾರದು, ಮನೆಯಲ್ಲಿ ಒಗ್ಗರಣೆ ಹಾಕಬಾರದು. ನಾನು ಬಾಗಿಲಿಗೆ ಬೇವು ಕಟ್ಟಿದೆ. ಹಳೆಯ ಚುಕ್ಕೆ ಕಪ್ಪಾದಂತೆ ಹೊಸವು ಏಳುತ್ತಿದ್ದವು. ಮೊಣಕಾಲು ಬಾತು, ಅವಳು ಗೋಡೆ ಹಿಡಿದು ನಡೆಯತೊಡಗಿದಳು. ಮಗ ಹಟ ಮಾಡಿ ಊರಿನ ಡಾಕ್ಟರಿಗೆ ತೋರಿಸಿದ.

“ಚರ್ಮದ ಚೂರು ತೆಗೆದು ಪರೀಕ್ಷಾ ಮಾಡಬೇಕ್ರಿ. ದಾವಣಗೆರೆಗೆ ಹೋಗ್ರಿ. ತಡ ಮಾಡಿದ್ರ ಕಿಡ್ನಿಗೆ ಹೊಡೀತೈತಿ” ಎಂದರು ಅವರು.

“ಅಮ್ಮ ಇರೋ ಮೈಗೆ ಕತ್ತರಿ ಹಚ್ಚಸ್ತೀರೇನ್ರಿ?” ಎಂದು ಜಗಳ ತೆಗೆದು ಅವಳನ್ನು ಮನೆಗೆ ಕರೆತಂದೆ. ಸೊಸೆ ಗೋಡೆ ಹಿಡಿದುಕೊಂಡೇ ಒಳಗೆ ಹೋಗಿ ಮಲಗಿದಳು. ನಾಲ್ಕು ಮಾತು ಬೈದಿದ್ದರೂ ಚೆನ್ನಾಗಿತ್ತು.

ಅವಳ ಮುಖ ಊದಿಕೊಂಡ ದಿನ ಹೆದರಿ ಊರಮ್ಮನ ಗುಡಿಗೆ ಓಡಿದೆ. ಅಲ್ಲಿ ಪೂಜೆ ಮಾಡುವ ಗಂಗವ್ವ ಕೇಳಿದಳು: “ಎಷ್ಟು ದಿನ ಆತು?”

“ಇಪ್ಪತ್ತೆರಡು.”

“ಅಮ್ಮ ಆಗಿದ್ರ ಒಂಬತ್ತು ದಿನಕ್ಕ ನೀರು ಹಾಕಿಸ್ಕೊಂಡು ಹೋಗ್ತಿದ್ಲು. ಇದು ಬ್ಯಾನಿ ಐತಿ. ನಿನ್ನ ಹಟಕ್ಕ ಆಕಿ ಹೆಸರು ಯಾಕ ಕೆಡಸ್ತಿ? ನಡಿ ದವಾಖಾನಿಗೆ!”

ತಾಯಿಯೇ ಗದರಿಸಿದಂತಾಯಿತು. ಹರಪನಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ ದಾವಣಗೆರೆ ಸೇರಿದೆವು. ಮೂತ್ರದಲ್ಲಿ ಆಗಲೇ ರಕ್ತ ಕಾಣಿಸಿತ್ತು. ಡಾಕ್ಟರಮ್ಮ ಕಾಲು ನೋಡಿ ಹೇಳಿದರು: “ಇವೆಲ್ಲ ಹಳೇ ಕಲೆ. ಒಂದೆರಡು ದಿನದೊಳಗಿನ ಹೊಸ ಚುಕ್ಕೆ ಬೇಕು, ಅದರಲ್ಲೇ ರೋಗ ಸರಿಯಾಗಿ ಕಾಣೋದು. ನಾಳೆವರೆಗೆ ನೋಡೋಣ, ಇಲ್ಲಾಂದ್ರೆ ಕಿಡ್ನಿಗೇ ಸೂಜಿ ಹಾಕಿ ಚೂರು ತೆಗೀಬೇಕಾಗುತ್ತೆ.”

ನಾಲ್ಕು ದಿನದಿಂದ ಹೊಸದೊಂದೂ ಎದ್ದಿರಲಿಲ್ಲ. ಗುಣವಾಗುತ್ತಿದೆ ಎಂದು ನಾನು ಅದಕ್ಕೇ ಹಿಗ್ಗಿದ್ದೆ! ಇಷ್ಟು ದಿನ ‘ಇಳಿಸು ತಾಯಿ’ ಎಂದು ಬೇಡಿದ್ದ ನಾನು, ವಾರ್ಡಿನಲ್ಲಿ ಅವಳ ಪಕ್ಕದ ಬೆಂಚಿನ ಮೇಲೆ ಕುಳಿತು ಅಳುತ್ತಾ ಬಾಯಿಬಿಟ್ಟೇ ಬೇಡಿದೆ: ‘ತಾಯಿ, ಒಂದೇ ಒಂದು ಚುಕ್ಕಿ ಕೊಡು.’

ಬೆಳಿಗ್ಗೆ ಚಹಾ ತಂದಾಗ ಸುಜಾತ ಕಾಲು ಚಾಚಿದಳು. “ಅತ್ತಿ, ಇಲ್ಲಿ ನೋಡ್ರಿ.”

ಹಿಮ್ಮಡಿಯ ಮೇಲೆ ಮೂರು ಚುಕ್ಕೆ, ಕೆಂಪಗೆ. ನಾನು ಕೈಮುಗಿದದ್ದು ಕಂಡು ನರ್ಸು ನನಗೆ ತಲೆ ಕೆಟ್ಟಿದೆ ಎಂದುಕೊಂಡಳು. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಹೆಸರುಕಾಳಿನಷ್ಟು ಚರ್ಮ ಎರಡು ಕಡೆ ತೆಗೆದರು. ಕೆಲವು ದಿನಕ್ಕೆ ರಿಪೋರ್ಟು ಬಂತು. ಮೈ ಕಾಯಬೇಕಾದ ಶಕ್ತಿಯೇ ಸಣ್ಣ ರಕ್ತನಾಳಗಳ ಮೇಲೆ ತಿರುಗಿಬಿದ್ದಿತ್ತು. ಕಿಡ್ನಿಗೆ ಈಗಷ್ಟೇ ತಗುಲಿತ್ತು. ಸರಿಯಾದ ಮಾತ್ರೆ ಶುರುವಾಯಿತು. ಊತ ಇಳಿಯಿತು, ಮೂತ್ರ ತಿಳಿಯಾಯಿತು.

ಮನೆಗೆ ಬಂದ ದಿನ ಸೊಸೆಯ ಕೈ ಹಿಡಿದೆ. “ತಪ್ಪಾತವ್ವ. ಸೂಜಿ ಬ್ಯಾಡ ಅಂದಾಕಿ ಅಮ್ಮ ಅಲ್ಲ, ನಾನು.”

ಅವಳು ನಕ್ಕಳು. “ನೀವು ಬೇಡಿದ್ದಕ್ಕ ಎದ್ದಾವ್ರಿ ಅತ್ತಿ. ಇನ್ನ ಸಾಕು ಅಂತನೂ ನೀವ ಹೇಳ್ರಿ.”

ದಿನಾ ಹೇಳುತ್ತಿದ್ದೇನೆ. ಅಂದಿನಿಂದ ಒಂದೂ ಎದ್ದಿಲ್ಲ. ತಾಯಿಗೆ ಶರಣು.