ಟೆನ್ಷನ್ ಕ್ಲಾಸಿನ ಬ್ರದರ್

ಹೋದ ವಾರ ಹೊಸಪೇಟೆ ಬಸ್ ಸ್ಟ್ಯಾಂಡಿನ ಎದುರು ಪೆಂಡಾಲು ಹಾಕಿ ಬಿಪಿ, ಶುಗರ್ ನೋಡುತ್ತಿದ್ದರು. ಮರಿಯಮ್ಮನಹಳ್ಳಿ ಬಸ್ಸಿಗೆ ಇನ್ನೂ ಹೊತ್ತಿತ್ತು. ಪುಕ್ಕಟೆ ಸಿಕ್ಕರೆ ನನಗೊಂದು, ನಮ್ಮಪ್ಪನಿಗೊಂದು ಎಂದು ನಾನೂ ಹೋಗಿ ಕೂತೆ. ಇನ್ನೂ ಕಾಲೇಜಿಗೆ ಹೋಗುವವಳಂತಿದ್ದ ನರ್ಸ್ ಹುಡುಗಿ ತೋಳಿಗೆ ಪಟ್ಟಿ ಸುತ್ತಿ, ಗಾಳಿ ತುಂಬಿ, ಇಳಿಸಿ, ಆಮೇಲೆ ಪಟ್ಟಿಯನ್ನು ಎಳೆದು ಬಿಚ್ಚಿದಳು. ಚರ್ರ್... ಆ ಸದ್ದಿಗೆ ನನ್ನ ಎದೆ ಧಸಕ್ಕೆಂದಿತು. ಕಣ್ಣಲ್ಲಿ ನೀರು ಬಂದುಬಿಟ್ಟಿತು. ಹುಡುಗಿ ಗಾಬರಿಯಾಗಿ, ನಿಮ್ಮದು ನಾರ್ಮಲ್ ಐತ್ರಿ ಅಂಕಲ್ ಎಂದಳು. ನಾರ್ಮಲ್ ಇರದೆ ಏನವ್ವಾ, ಅದನ್ನು ಹಾಗೆ ಮಾಡಿಟ್ಟು ಹೋದವರು ಬೇರೆಯೇ ಇದ್ದರು ಎಂದು ಹೇಳೋಣವೆನಿಸಿತು. ಕಣ್ಣೊರೆಸಿಕೊಂಡು ಎದ್ದೆ. ಬಸ್ಸೂ ತಪ್ಪಿತು.

ಅವರನ್ನು ನಾವು ಹೆಸರು ಹಿಡಿದು ಕರೆದದ್ದೇ ಇಲ್ಲ. ದವಾಖಾನೆಯಲ್ಲಿ ಹೆಣ್ಣು ನರ್ಸಿಗೆ ಸಿಸ್ಟರ್ ಎನ್ನುವ ಹಾಗೆ ಗಂಡು ನರ್ಸಿಗೆ ಬ್ರದರ್ ಎನ್ನುತ್ತಾರೆ. ನಮ್ಮ ಉಕ್ಕಿನ ಕಾರ್ಖಾನೆಯ ದವಾಖಾನೆಯಲ್ಲಿ ಅವರು ಬ್ರದರ್. ಊರು ಕಂಪ್ಲಿ. ಹೊಟ್ಟೆ ಮುಂದೆ, ಮನುಷ್ಯ ಹಿಂದೆ. ಬೆರಳು ಜಜ್ಜಿಕೊಂಡು ಹೋದರೆ ಮೊದಲು ಬೈಯುವರು, ಆಮೇಲೆ ಪಟ್ಟಿ ಕಟ್ಟುವರು, ಕಟ್ಟಿದ ಮೇಲೆ ಉಂಡೆಯಾ ಎಂದು ಕೇಳುವರು. ನನಗಿಂತ ಹತ್ತು ವರ್ಷಕ್ಕೆ ಹಿರಿಯರಿರಬೇಕು.

ಆಗ ಕಾರ್ಖಾನೆಯವರು ದವಾಖಾನೆಯ ನರ್ಸುಗಳ ಕೈಯಿಂದಲೇ ಒಂದು ಕಾರ್ಯಕ್ರಮ ಶುರುಮಾಡಿಸಿದ್ದರು. ಬೋರ್ಡಿನ ಮೇಲೆ ‘ಒತ್ತಡ ನಿರ್ವಹಣಾ ಕಾರ್ಯಕ್ರಮ’ ಎಂದಿತ್ತು. ನಮ್ಮ ಬಾಯಲ್ಲಿ ಅದು ಟೆನ್ಷನ್ ಕ್ಲಾಸ್. ಶನಿವಾರ ಪಾಳಿ ಮುಗಿದ ಮೇಲೆ ಬ್ರದರ್ ನಡೆಸುತ್ತಿದ್ದರು. ಒತ್ತಡ ಇಳಿಸಿಕೊಳ್ಳಲು ಯಾರೂ ಹೋಗುತ್ತಿರಲಿಲ್ಲ, ಸುಳ್ಳೇಕೆ ಹೇಳಲಿ, ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡುತ್ತಾರೆಂದು ಹೋಗುತ್ತಿದ್ದೆವು. ಬ್ರದರ್ ಎಲ್ಲರ ಬೂಟು ಬಿಚ್ಚಿಸಿ, ಬೆಲ್ಟು ಸಡಿಲ ಮಾಡಿಸಿ ಜಮಖಾನದ ಮೇಲೆ ಮಲಗಿಸುವರು. ಅಷ್ಟು ಬೂಟು ಒಮ್ಮೆಲೇ ಬಿಚ್ಚಿದರೆ ಆ ಕೋಣೆ ಏನಾಗಬೇಡ! ಮುಷ್ಟಿ ಬಿಗಿ ಹಿಡಿ, ಬಿಡು, ಹೆಗಲು ಬಿಗಿ ಮಾಡು, ಬಿಡು ಎನ್ನುವರು. ಉಸಿರು ಎಳೆದುಕೊಳ್ಳುವುದು ಹುಟ್ಟಿದ ಕೂಸಿಗೂ ಬರುತ್ತದೆ, ಬಿಡುವುದು ದೊಡ್ಡವರಿಗೂ ಬರುವುದಿಲ್ಲ, ಅವ್ವ ಒಲೆ ಊದಿದ ಹಾಗೆ ಸಾವಕಾಶ ಬಿಡ್ರಿ ಎಂದು ಅವರ ಉಪದೇಶ. ಮೊದಲ ದಿನವೇ ಅರ್ಧ ಮಂದಿ ಗೊರಕೆ ಹೊಡೆದರು. ಸೂಪರ್ವೈಸರ್ ಬಂದು ಕೂಗಾಡಿದರೆ ಬ್ರದರ್ ಬಾಯಿ ಮೇಲೆ ಬೆರಳಿಟ್ಟು, ಮಲಗಿದವರೆಲ್ಲ ಪಾಸು ಎಂದರು. ಗೇಲಿ ಮಾಡುವವರಲ್ಲಿ ನಾನೇ ಮುಂದು. ಉಸಿರಾಡುವುದನ್ನು ಇಷ್ಟು ವಯಸ್ಸಾದ ಮೇಲೆ ಕಲಿಯಬೇಕೇನು ಎಂದು ಅವರೆದುರೇ ಹೇಳಿದ್ದೆ. ಅವರು ನಕ್ಕು ನನಗೊಂದು ಮಿರ್ಚಿ ಹೆಚ್ಚು ಹಾಕಿಸಿದ್ದರು.

ಆಮೇಲೆ ಆ ದಿನ ಬಂತು...

ಶೆಡ್ಡಿನ ಛಾವಣಿಯ ಕೆಳಗೆ ಹಳಿಗಳ ಮೇಲೆ ಓಡಾಡುವ ಕ್ರೇನ್ ನನ್ನದು. ಕಬ್ಬಿಣದ ಏಣಿ ಹತ್ತಿ ಹೋಗಿ ಮೇಲಿನ ಕ್ಯಾಬಿನ್ನಿನಲ್ಲಿ ಕೂತರೆ ಕೆಳಗಿನವರೆಲ್ಲ ನನಗೆ ಬರೀ ಹಳದಿ ಹೆಲ್ಮೆಟ್ಟುಗಳು. ಅವತ್ತು ಸರಳುಗಳ ಕಟ್ಟು ಎತ್ತುತ್ತಿದ್ದೆ. ಕೆಳಗೆ ಕೊಕ್ಕೆ ಹಾಕಿದವನು ಕಂಟ್ರಾಕ್ಟ್ ಕೆಲಸದವನು, ಹೊಸಬ, ಅವನ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಕಂಬದ ಪಕ್ಕ ನಿಂತು ಕೈ ಮೇಲೆ ಮಾಡಿ ‘ಎತ್ತು’ ಎಂದು ಸನ್ನೆ ಮಾಡಿದ. ಎತ್ತಿದೆ. ಉಕ್ಕಿನ ಹಗ್ಗ ಹರಿಯಿತು. ಚರ್ರೆಂಬ ಆ ಸದ್ದು ನನಗೆ ಆಮೇಲೆ ಕೇಳಿಸಿತು, ಮೊದಲು ಕಂಡದ್ದು ಆ ಹೆಲ್ಮೆಟ್ಟು ಉರುಳಿಕೊಂಡು ಹೋದದ್ದು.

ವಿಚಾರಣೆ ಆಯಿತು. ಹಗ್ಗ ಒಳಗೊಳಗೇ ಸವೆದಿತ್ತು, ಮೇಲೆ ನೋಡಿದರೆ ಗೊತ್ತಾಗುವಂತಿರಲಿಲ್ಲ, ಕ್ರೇನಿನವನ ತಪ್ಪಿಲ್ಲ ಎಂದರು. ಎಲ್ಲರೂ ನನಗೆ ಅದನ್ನೇ ಹೇಳಿದರು. ನನ್ನ ಕೈಗಳಿಗೆ ಮಾತ್ರ ಅದು ತಿಳಿಯಲಿಲ್ಲ. ಸತ್ತವನು ಹೊಳೆಯಾಚೆಯ ಹಳ್ಳಿಯವನಂತೆ. ಮಣ್ಣಿಗೆ ಹೊರಟರೆ ಮನೆಯವರು ತಡೆದರು, ಆ ಜನ ಸಿಟ್ಟಿನಲ್ಲಿ ಏನಾದರೂ ಮಾಡಿಯಾರು ಎಂದು. ಪೇಪರಿನಲ್ಲಿ ಬಂದ ಅವನ ಫೋಟೋ ಒಂದನ್ನೇ ನಾನು ನೋಡಿದ್ದು. ಅದನ್ನು ಎಷ್ಟು ನೋಡಿದೆನೆಂದರೆ ಹೆಂಡತಿ ಆ ಪೇಪರನ್ನು ಒಲೆಗೆ ಹಾಕಿದಳು.

ಮತ್ತೆ ಕೆಲಸಕ್ಕೆ ಹೋದಾಗ ಏಣಿಯ ನಾಲ್ಕು ಮೆಟ್ಟಿಲು ಹತ್ತಿದೆ. ಕೈಗಳು ಗಟ್ಟಿಯಾಗಿ ಅಲ್ಲೇ ಹಿಡಿದುಕೊಂಡುಬಿಟ್ಟವು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಇಬ್ಬರು ಹತ್ತಿ ಬೆರಳು ಬಿಡಿಸಿ ಇಳಿಸಿದರು. ಸ್ವಲ್ಪ ದಿನ ಮನೆಯಲ್ಲಿರು ಎಂದರು. ಮನೆಯಲ್ಲಿದ್ದರೆ ಇನ್ನೂ ಕಷ್ಟ. ನಿದ್ದೆಯಿಲ್ಲ, ತುತ್ತು ಇಳಿಯುವುದಿಲ್ಲ, ಹೆಂಡತಿ ಮಾತಾಡಿಸಿದರೆ ಮೈಮೇಲೆ ಹೋಗುತ್ತಿದ್ದೆ. ಒಂದು ಸಂಜೆ ಕಾಲುವೆಯ ದಂಡೆಗೆ ಹೋಗಿ ಕೂತಿದ್ದೆ. ಗಾಳಿಗೆ ಕೂತಿರಲಿಲ್ಲ... ಅದು ಹೆಂಡತಿಗೆ ಗೊತ್ತಾಯಿತು. ಅತ್ತುಕೊಂಡೇ ದವಾಖಾನೆಗೆ ಫೋನು ಮಾಡಿದಳು.

ಮರುದಿನ ಬ್ರದರ್ ಚಿತ್ತವಾಡ್ಗಿಯ ನಮ್ಮ ಮನೆಗೆ ಬಂದರು. ಬಂದವರು ಉಂಡೆಯಾ ಎಂದು ಕೇಳಲಿಲ್ಲ. ಎದುರು ಕೂತು ನನ್ನ ಮುಖವನ್ನೇ ನೋಡಿದರು. ಆಮೇಲೆ ಮುಂಗೈ ಹಿಡಿದು ನಾಡಿ ನೋಡತೊಡಗಿದರು. ಹಿಡಿದವರು ಬಿಡಲೇ ಇಲ್ಲ. ಗಡಿಯಾರದ ಕಡೆಗೂ ನೋಡಲಿಲ್ಲ. ಹೆಂಡತಿ ತಂದಿಟ್ಟ ಚಹಾ ಆರಿ ತಣ್ಣಗಾಯಿತು. ಕಡೆಗೆ ಎದ್ದು, ಬಾಗಿಲಲ್ಲಿ ಹೆಂಡತಿಗೆ, ನಾಳಿ ಬರ್ತೀನವ್ವ ಎಂದು ಹೇಳಿ ಹೋದರು. ಇಂಥ ನರ್ಸೂ ಇರುತ್ತಾರಾ, ಸಮಾಧಾನದ ಒಂದು ಮಾತಿಲ್ಲ ಎಂದು ನನಗೆ ಸಿಟ್ಟೇ ಬಂದಿತ್ತು.

ಮರುದಿನ ಬಂದರು, ಚಹಾ ಕುಡಿದರು. ಅದರ ಮರುದಿನವೂ ಬಂದರು. ಮುಷ್ಟಿ ಬಿಗಿ ಮಾಡು, ಬಿಡು. ಒಲೆ ಊದಿದ ಹಾಗೆ ಉಸಿರು ಬಿಡು. ನಾನು ಗೇಲಿ ಮಾಡಿದ್ದ ಆ ಪಾಠವನ್ನೇ ಮೊದಲಿನಿಂದ ಕಲಿತೆ. ಅವತ್ತು ಏನಾಯಿತು ಎಂದು ಅವರು ಯಾವತ್ತೂ ಕೇಳಲಿಲ್ಲ. ನಾನಾಗಿ ಹೇಳಿದರೆ ಕೇಳಿಸಿಕೊಳ್ಳುತ್ತಿದ್ದರು. ಹೆಲ್ಮೆಟ್ಟು ಉರುಳಿದ್ದನ್ನು ಎಷ್ಟು ಸಲ ಹೇಳಿದೆನೋ, ಅಷ್ಟು ಸಲವೂ ಕೇಳಿಸಿಕೊಂಡರು. ಈಗ ಅದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ... ಯಾರ ಮುಂದೆ ಏನು ಹೇಳುತ್ತಾ ಕೂತಿದ್ದೆ ನಾನು!

ಸ್ವಲ್ಪ ನಿದ್ದೆ ಬರತೊಡಗಿದ ಮೇಲೆ ಕಾರ್ಖಾನೆಗೆ ಕರೆದುಕೊಂಡು ಹೋದರು. ಮೊದಲ ದಿನ ಏಣಿಯ ಬುಡದಲ್ಲಿ ಸುಮ್ಮನೆ ಕೂತು ಬಂದೆವು. ಮುಂದೆ ಒಂದು ಮೆಟ್ಟಿಲು, ಆಮೇಲೆ ಎರಡು. ಕೈ ಬಿಗಿಯಿತೋ ಅಲ್ಲೇ ನಿಂತು ಉಸಿರು ಬಿಡುವುದು, ಇಳಿಯುವುದು. ಆ ಹೊಟ್ಟೆ ಹೊತ್ತುಕೊಂಡು ನನ್ನ ಹಿಂದೆ ತಾವೂ ಹತ್ತುತ್ತಿದ್ದರು. ನಾನು ಬಿದ್ದರೆ ನಿಮ್ಮ ಮೇಲೇ ಬೀಳುತ್ತೇನೆ ಬ್ರದರ್ ಎಂದರೆ, ಬೀಳು, ಮೆತ್ತಗೈತಿ ಎನ್ನುವರು.

ಕಡೆಗೊಂದು ದಿನ ಕ್ಯಾಬಿನ್ನಿನಲ್ಲಿ ಕೂತೆ. ಭಾರ ಎತ್ತಬೇಕು. ಕೆಳಗೆ ನೋಡಿದರೆ ಸನ್ನೆ ಮಾಡಲು ನಿಂತವರು ಬ್ರದರ್. ತಲೆಗೆ ಹಳದಿ ಹೆಲ್ಮೆಟ್ಟು ಹಾಕಿಕೊಂಡು, ಆ ಕಂಬದ ಪಕ್ಕದಲ್ಲೇ ನಿಂತಿದ್ದರು. ನನಗೆ ಬೆವರು ಕಿತ್ತುಕೊಂಡಿತು. ಪಕ್ಕಕ್ಕೆ ಸರಿಯಿರಿ ಎಂದು ಮೇಲಿನಿಂದ ಕೂಗಿದೆ, ಅವರು ಸರಿಯಲಿಲ್ಲ. ಕೈ ಮೇಲೆ ಮಾಡಿದರು. ಉಸಿರು ಬಿಟ್ಟು, ಬಿಟ್ಟು, ಎತ್ತಿದೆ. ಭಾರ ಹೋಗಿ ಇಳಿಯಬೇಕಾದಲ್ಲಿ ಇಳಿಯಿತು. ನಾನು ಕೆಳಗೆ ಬಂದಾಗ ಬ್ರದರ್ ಕಂಬಕ್ಕೆ ಮುಖ ಮಾಡಿ ನಿಂತಿದ್ದರು. ಬಿಸಿಲಿಗೆ ತಲೆ ಸುತ್ತಿತೇನೋ ಎಂದುಕೊಂಡೆ. ಶೆಡ್ಡಿನ ಒಳಗೆ ಎಲ್ಲಿಯ ಬಿಸಿಲು, ಅಷ್ಟೂ ಹೊಳೆಯಲಿಲ್ಲ ನನಗೆ.

ಆಮೇಲೆ ವರ್ಷಗಳು ಉರುಳಿದವು. ನಮ್ಮ ಕಡೆ ನಾಗರ ಪಂಚಮಿ ಎಂದರೆ ಅಕ್ಕತಂಗಿಯರನ್ನು ತವರಿಗೆ ಕರೆತರುವ ಹಬ್ಬ. ಉಂಡೆ ಕಟ್ಟಿಸಿ, ಜೋಕಾಲಿ ಹಾಕಿಸಲೆಂದು ಒಬ್ಬೊಬ್ಬರೂ ರಜೆಗೆ ಮುಗಿಬೀಳುತ್ತಿದ್ದೆವು. ಬ್ರದರ್ ಮಾತ್ರ ಪಂಚಮಿಯ ದಿನ ತಾವಾಗಿ ಕೇಳಿ ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದರು. ನಿಮಗೆ ತಂಗಿ ಗಿಂಗಿ ಯಾರೂ ಇಲ್ಲೇನು ಬ್ರದರ್ ಎಂದು ಒಮ್ಮೆ ಕ್ಯಾಂಟೀನಿನಲ್ಲಿ ಎಲ್ಲರೆದುರು ಚೇಷ್ಟೆ ಮಾಡಿದೆ. ಅವರು ನಕ್ಕರು. ಉಳಿದವರು ಯಾರೂ ನಗಲಿಲ್ಲ, ತಟ್ಟೆ ನೋಡುತ್ತಾ ಉಣ್ಣತೊಡಗಿದರು. ಹೊಟ್ಟೆ ಹಸಿದಿರಬೇಕು ಎಂದುಕೊಂಡೆ ನಾನು.

ಬ್ರದರ್ ರಿಟೈರ್ ಆಗಿ ಕಂಪ್ಲಿಗೆ ಹೋದರು. ಮಾರನೆಯ ವರ್ಷವೇ ಸುದ್ದಿ ಬಂತು. ಕೂತು ಮಾತಾಡುತ್ತಿದ್ದವರು ಹಾಗೇ ಒರಗಿದರಂತೆ, ಹಾರ್ಟ್ ಅಂತೆ. ನಂಬಿಕೆಯೇ ಬರಲಿಲ್ಲ. ನಮ್ಮ ಜೊತೆಯವರಿಬ್ಬರ ಕೂಡ ಕಂಪ್ಲಿಗೆ ಹೋದೆ. ಆ ಇಬ್ಬರೂ ದಾರಿಯುದ್ದಕ್ಕೂ, ನೀನು ಬರದಿದ್ದರೂ ನಡೆಯುತ್ತಿತ್ತು ಎನ್ನುತ್ತಿದ್ದರು. ಇದೇನು ಮಾತು ಎಂದು ಬೈದೆ.

ಪಡಸಾಲೆಯಲ್ಲಿ ಬ್ರದರ್ ಫೋಟೋಗೆ ಹೊಸ ಹಾರ ಹಾಕಿದ್ದರು. ಕೈ ಮುಗಿದು ತಲೆ ಎತ್ತಿದೆ. ಪಕ್ಕದಲ್ಲಿ ಇನ್ನೊಂದು ಫೋಟೋ ಇತ್ತು, ಹಳೆಯದು, ಪ್ಲಾಸ್ಟಿಕ್ ಹಾರ ಬಣ್ಣಗೆಟ್ಟಿತ್ತು. ಆ ಮುಖ... ಹೆಂಡತಿ ಒಲೆಗೆ ಹಾಕಿದ್ದ ಪೇಪರಿನಲ್ಲಿದ್ದ ಮುಖ ಅದು. ಜೊತೆಯವರ ಕಡೆ ತಿರುಗಿದೆ. ಇಬ್ಬರೂ ನೆಲ ನೋಡುತ್ತಿದ್ದರು. ಕಾರ್ಖಾನೆಗೆ ಕಾರ್ಖಾನೆಯೇ ತಿಳಿದಿದ್ದ ಸಂಗತಿ ಅದು, ನನ್ನೊಬ್ಬನನ್ನು ಬಿಟ್ಟು. ಅವನಿಗೆ ಹೇಳಿದರೆ ನನ್ನಾಣೆ ಎಂದಿದ್ದರಂತೆ ಬ್ರದರ್.

ನೀರಿನ ತಂಬಿಗೆ ಹಿಡಿದು ಬಂದ ಹೆಣ್ಣುಮಗಳು ನನ್ನ ನೋಟ ಎಲ್ಲಿದೆ ಎಂದು ನೋಡಿದಳು. ವಯಸ್ಸಿನಲ್ಲಿ ನನ್ನ ಓರಗೆಯವಳಿರಬೇಕು.

“ಅವರು ನನ್ನ ಗಂಡ,” ಅಂದಳು. “ನೀವು ಕ್ರೇನಿನವರಲ್ಲ?”

ಹೌದೆಂದು ತಲೆ ಆಡಿಸಿದೆ. ಆಕೆ ಬ್ರದರ್ ಅವರ ಒಡಹುಟ್ಟಿದ ತಂಗಿ. ಗೋಡೆಗೆ ಒರಗಿ ಕೂತು, ಬೇರೆ ಯಾರದೋ ಸುದ್ದಿ ಹೇಳುವವಳಂತೆ ಹೇಳಿದಳು. ಗಂಡನನ್ನು ಆ ಕೆಲಸಕ್ಕೆ ಹಚ್ಚಿದವನೂ ಅಣ್ಣನೇ. ಹಣೆಬರಹ ಎಂದು ಅದನ್ನು ಆಕೆ ನುಂಗಿಕೊಂಡಿದ್ದಳು. ಆದರೆ ಗಂಡ ಸತ್ತು ತಿಂಗಳು ತುಂಬುವುದರೊಳಗೆ ಅಣ್ಣ ನನ್ನ ಮನೆಗೆ ಹೋಗಿ ಕೂತ ಎಂದು ತಿಳಿದಾಗ ನುಂಗಲಾಗಲಿಲ್ಲ. ಅವತ್ತೇ ಮಾತು ಬಿಟ್ಟಳು. ಆ ವರ್ಷ ಪಂಚಮಿಗೆ ಕರೆಯಲು ಬಂದ ಅಣ್ಣನ ಮುಖದ ಮೇಲೆ ಬಾಗಿಲು ಹಾಕಿದಳು. ತವರಿನ ಹೊಸ್ತಿಲು ಮತ್ತೆ ತುಳಿದದ್ದು ಅವನ ಹೆಣ ನೋಡಲು.

ಇನ್ನೊಂದು ಮಾತನ್ನು ಆಕೆಗೆ ಅತ್ತಿಗೆ ಈಗ ಹೇಳಿದ್ದಳಂತೆ. ಮೊದಲ ದಿನ ಅಣ್ಣ ನನ್ನ ಮನೆಗೆ ನರ್ಸಾಗಿ ಬಂದಿರಲಿಲ್ಲ. ಹೊಡೆಯಲೆಂದೇ ಬಂದಿದ್ದ. ನಾಡಿ ಹಿಡಿದ ಮೇಲೆ ಕೈ ಏಳಲಿಲ್ಲ. ರಾತ್ರಿ ಮನೆಗೆ ಹೋಗಿ, ಅವನ ನಾಡಿ ಓಡೋದು ನೋಡಿದ್ರ ಇದೂ ಒಂದು ಹೆಣ ಆಗತೈತಿ ಎಂದು ತನ್ನ ಹೆಂಡತಿಯ ಮುಂದೆ ಅತ್ತಿದ್ದ.

ನನಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಬಗ್ಗಿದೆ. ಬ್ಯಾಡ್ರಿ ಎಂದು ಕಾಲು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಕೇಳಿದಳು.

“ಅಷ್ಟು ವರ್ಷ ನಿಮ್ಮ ಕೂಡ ಇದ್ದ. ಒಮ್ಮೆರ ನನ್ನ ಸುದ್ದಿ ತೆಗೆದಿದ್ನೇನ್ರಿ?”

ದಿನಾ ನೆನೆಸುತ್ತಿದ್ದರು ಎಂದುಬಿಡು ಎಂದು ಮನಸ್ಸು ಒತ್ತಿ ಒತ್ತಿ ಹೇಳಿತು. ಆ ಒಂದು ಸುಳ್ಳಿಗೆ ಯಾವ ದೇವರೂ ಸಿಟ್ಟಾಗುತ್ತಿರಲಿಲ್ಲ. ಆದರೆ ಆಕೆಯ ಕಣ್ಣು ನೋಡಿದ ಮೇಲೆ ನಾಲಿಗೆ ಏಳಲಿಲ್ಲ.

“ಇಲ್ರಿ ಅಕ್ಕಾ. ಒಮ್ಮೆನೂ ತೆಗೀಲಿಲ್ಲ.”

ಆಕೆ ತಂಬಿಗೆಯನ್ನು ನೆಲಕ್ಕಿಟ್ಟಳು. ಅಳುತ್ತಾಳೆ ಎಂದುಕೊಂಡೆ. ಅಳಲಿಲ್ಲ.

“ತೆಗೆದಿದ್ರ ನೀವು ಮ್ಯಾಲ ಹತ್ತತಿದ್ದಿಲ್ಲ ಬಿಡ್ರಿ,” ಎಂದಳು. ಸೆರಗು ಸರಿಮಾಡಿಕೊಂಡು ಎದ್ದಳು. “ಮಾತಾಡ್ಬೇಕಂತ ಬಂದೀನಿ ಈಗ. ಅವ ಇಲ್ಲ.”

ಇದಾಗಿ ವರ್ಷವಾಗುತ್ತಾ ಬಂತು. ಟೆನ್ಷನ್ ಕ್ಲಾಸ್ ಈಗಲೂ ನಡೆಯುತ್ತದೆ, ಬೇರೆ ಸಿಸ್ಟರ್ ಒಬ್ಬರು ಬಂದಿದ್ದಾರೆ, ಹುಡುಗರು ಮೊಬೈಲು ನೋಡುತ್ತಾ ಮಲಗುತ್ತಾರೆ. ನಾನು ಕ್ರೇನ್ ಹತ್ತುತ್ತೇನೆ, ಇಳಿಯುತ್ತೇನೆ, ಮನೆಗೆ ಹೋಗಿ ಉಂಡು ಮಲಗಿದರೆ ನಿದ್ದೆ ಬರುತ್ತದೆ. ಒಮ್ಮೊಮ್ಮೆ ಬ್ರದರ್ ಮೇಲೆ ವಿಪರೀತ ಸಿಟ್ಟು ಬರುತ್ತದೆ. ಈ ನಿದ್ದೆಯನ್ನು ನನಗೆ ಕೊಡಲು ಅವರು ತಂಗಿಯನ್ನೇ ಕಳೆದುಕೊಂಡರು. ನನ್ನನ್ನು ಕೇಳಿದ್ದರೆ ಬೇಡವೇ ಬೇಡ ಎನ್ನುತ್ತಿದ್ದೆ... ಅವರು ಕೇಳಲಿಲ್ಲ.