ಆಚೆ ದಡದಿಂದ ಕಂಡ ಅತ್ತೆ

ಕಾಶಿಯಲ್ಲಿ ರೈಲಿಳಿದಾಗ ತಲೆತುಂಬ ಇದ್ದಿಲ ಪುಡಿ, ಕೈಯಲ್ಲಿ ಟ್ರಂಕು, ಬೆನ್ನ ಹಿಂದೆ ಅಪ್ಪನ ಅಪ್ಪಣೆ. ಗಂಡ ತೀರಿಕೊಂಡ ಮೇಲೆ ತಿಪಟೂರು ಬಿಟ್ಟು ಇಲ್ಲಿ ನೆಲೆಸಿದ್ದ ತಮ್ಮ ಅಕ್ಕ ಪದ್ಮಾವತಿಯನ್ನು, ಅಂದರೆ ನನ್ನ ಪದ್ದತ್ತೆಯನ್ನು, ಮನೆಗೆ ಕರೆತರಬೇಕೆಂದು ಅವರು ನನ್ನನ್ನು ಕಳಿಸಿದ್ದರು. ಅಕ್ಕನಿಗೆಂದು ಒಂದು ನೀಲಿ ಶಾಲನ್ನೂ ಕೊಟ್ಟಿದ್ದರು.

ಗೋದೌಲಿಯಾ ಚೌಕದವರೆಗೆ ಸೈಕಲ್ ರಿಕ್ಷಾಕ್ಕೆ ಒಂದೂವರೆ ರೂಪಾಯಿ. ಅಲ್ಲಿಂದಾಚೆ ನಡಿಗೆ. ಬಂಗಾಲಿ ಟೋಲಾದ ಗಲ್ಲಿಗಳಲ್ಲಿ ದಾರಿ ತಪ್ಪಿ, ಅಡ್ಡ ನಿಂತ ಗೂಳಿಗೆ ಹೆದರಿ, ಊರನ್ನು ಬೈದುಕೊಳ್ಳುತ್ತಲೇ ಹೋದೆ. ಗಲ್ಲಿ ಮುಗಿದದ್ದೇ ಕೇದಾರ ಘಾಟಿನ ಮೆಟ್ಟಿಲು. ಕೆಳಗೆ ಮಾಘದ ಎಳೆಬಿಸಿಲಲ್ಲಿ ಗಂಗೆ. ಬಾಯಿ ತಾನಾಗಿ ಮುಚ್ಚಿತು. ಆ ಊರಿಗೆ ನಾನು ಮನಸೋತದ್ದು ಅಲ್ಲೇ, ಟ್ರಂಕು ಹೊತ್ತು ನಿಂತಿದ್ದಾಗ.

ಘಾಟಿನ ಪಕ್ಕದ ಮನೆಯಲ್ಲಿ ಅತ್ತೆ ಶಾಲನ್ನು ಮುಟ್ಟಿ ನೋಡಿ ಗೂಟಕ್ಕೆ ಹಾಕಿದರು. ಕರೆದೊಯ್ಯಲು ಬಂದವನು ಕರುವಿನಂತೆ ಅವರ ಹಿಂದೆ ಸುತ್ತಿದೆ. ಬೆಳಿಗ್ಗೆ ಘಾಟಿನ ಮೇಲಿನ ಹೋಟೆಲಿನ ಇಡ್ಲಿ, ಆಮೇಲೆ ಮಣ್ಣಿನ ಕುಡಿಕೆಯಲ್ಲಿ ಕೇಸರಿ ಹಾಕಿದ ಹಾಲಿನ ನೊರೆ. ಅದರ ಹೆಸರು ಮಲೈಯೋ. ಬಾಯಿಗಿಟ್ಟರೆ ಇತ್ತೋ ಇಲ್ಲವೋ ಎನ್ನುವಂತೆ ಕರಗುತ್ತಿತ್ತು. ಊರಿಗೆ ಕರೆಯುವ ಮಾತನ್ನು ದಿನವೂ ನಾಳೆಗೆ ತಳ್ಳಿದೆ.

ಒಂದು ಸಂಜೆ ದೋಣಿ ಗೊತ್ತುಮಾಡಿದೆ. ಆಚೆ ದಡದ ಮರಳಿಗೆ ಹೋಗಿ ಇಡೀ ಕಾಶಿಯನ್ನು ಅತ್ತೆಗೆ ತೋರಿಸಬೇಕು, ಅಲ್ಲೇ ಅಪ್ಪನ ಮಾತನ್ನೂ ಹೇಳಬೇಕು ಎಂದಿದ್ದೆ. ನಡುನೀರಿಗೆ ಬರುತ್ತಲೇ ಅತ್ತೆ ಹಲಗೆಯನ್ನು ಗಟ್ಟಿಯಾಗಿ ಹಿಡಿದರು.

"ಎಲ್ಲಿಗೋ ಹೋಗ್ತಿದೆ ಇದು?"

"ಆಚೆ ದಡಕ್ಕೆ, ಅತ್ತೆ."

"ಭೈಯಾ, ನಾವ್ ಘುಮಾವೋ" ಎಂದು ಅಂಬಿಗನಿಗೆ ಹಿಂದಿಯಲ್ಲಿ ಹೇಳಿದರು. ಅವನು ತಕ್ಷಣ ದೋಣಿ ತಿರುಗಿಸಿದ. ಇಂಥವರನ್ನು ಅವನು ಎಷ್ಟು ಕಂಡಿದ್ದನೋ.

"ಕಾಶೀವಾಸದ ಸಂಕಲ್ಪ ಮಾಡಿದವಳು ನಾನು. ಆ ಮರಳು ಕಾಶಿ ಅಲ್ಲ ಶೀನ. ಪ್ರಾಣ ಇರೋವರೆಗೂ ಈ ಎಲ್ಲೆ ದಾಟೋ ಹಾಗಿಲ್ಲ."

ಕಾಶೀವಾಸವೆಂದರೆ ಕಾಶಿಯಲ್ಲಿ ಮನೆ ಮಾಡಿಕೊಂಡಿರುವುದು ಎಂದಷ್ಟೇ ನಾವು ತಿಳಿದಿದ್ದೆವು. ನಾನು ಬಂದ ಕಾರಣ ಅವರಿಗೆ ಮೊದಲ ದಿನವೇ ಗೊತ್ತಿತ್ತಂತೆ. ದೋಣಿ ದಡ ಸೇರುವಾಗ ಅವರೇ ಕೇಳಿದರು: "ಅಲ್ಲಿಂದ ನಮ್ಮ ಘಾಟು ಹೇಗೆ ಕಾಣತ್ತೋ? ಇಷ್ಟು ವರ್ಷ ಆಯ್ತು, ನಾನು ನೋಡೇ ಇಲ್ಲ. ನಾಳೆ ಹೋಗಿ ನೋಡ್ಕೊಂಡು ಬಂದು ಹೇಳು."

ಮಾರನೆಯ ಬೆಳಿಗ್ಗೆ ಒಬ್ಬನೇ ಹೋದೆ. ಬೆನ್ನಿಗೆ ಸೂರ್ಯ, ಎದುರಿಗೆ ಊರಿಗೆ ಊರೇ ಬೆಳಗುತ್ತಿತ್ತು. ಕೇದಾರ ಘಾಟಿನ ಕೆಂಪು ಬಿಳಿ ಪಟ್ಟೆಗಳ ಗೋಡೆಯನ್ನು ಹುಡುಕಿದೆ. ಅದರ ಕೆಳಗೆ, ಮೆಟ್ಟಿಲ ಮೇಲೆ, ಒಂದು ನೀಲಿ ಚುಕ್ಕೆ. ಅಪ್ಪನ ಶಾಲು. ಕಣ್ಣು ತುಂಬಿ ಬಂತು. ಇಂಥ ಊರು ನಮ್ಮ ಅತ್ತೆಯನ್ನು ಇಟ್ಟುಕೊಂಡಿದೆಯಲ್ಲ ಎಂದು ಕೈ ಮುಗಿದೆ.

ವಾಪಸು ಬಂದಾಗ ಅವರು ಅಲ್ಲೇ ನಿಂತಿದ್ದರು.

"ನಾನು ಕಾಣಿಸ್ದೆನೇನೋ?"

"ಕಾಣಿಸಿದ್ರಿ, ಅತ್ತೆ."

"ನಿಮ್ಮಪ್ಪನಿಗೆ ಅಷ್ಟು ಹೇಳು, ಸಾಕು. ಅಕ್ಕ ಅವಳ ಜಾಗದಲ್ಲಿ ನಿಂತಿದ್ಲು, ಶಾಲು ಹೊದ್ದಿದ್ಲು, ನೋಡ್ಕೊಂಡು ಬಂದೆ ಅಂತ."

ಒಂದೇ ಟಿಕೆಟ್ ಕೊಂಡೆ. ರೈಲು ಗಂಗೆಯ ಸೇತುವೆ ಏರಿದಾಗ ಎಲ್ಲರೂ ನೀರಿಗೆ ಕಾಸು ಎಸೆಯುತ್ತಿದ್ದರು. ಕೇದಾರ ಘಾಟು ಅಲ್ಲಿಂದ ಬಲು ದೂರ. ಮಂಜಿನಲ್ಲಿ ಏನೂ ಕಾಣಲಿಲ್ಲ. ಆದರೂ ಕಿಟಕಿಯಿಂದ ಕೈ ಬೀಸಿದೆ. ಯಾರಿಗೆ ಎಂದು ಎದುರು ಕುಳಿತವರು ಕೇಳಿದರು.

"ನಮ್ಮತ್ತೆಗೆ" ಎಂದೆ.